ಗೌಡರ ಮಾತು ಕೇಳಿ ಹೋದ ಎರಡು ಹಲ್ಲು

ಡಾಕ್ಟರಮ್ಮ ಬೆರಳಿನಿಂದ ಮುಟ್ಟಿದ್ದೇ ತಡ, ನನ್ನ ಕೆಳಗಿನ ಎರಡು ಹಲ್ಲು ಅಳ್ಳಾಡಿದವು.

“ಒಸಡಿನ ಕೆಳಗೆ ಮೂಳೆನೇ ಕರಗಿದೆ ಸಾರ್. ರಕ್ತ ಬರ್ತಿದ್ದಾಗ್ಲೇ ಯಾಕೆ ಕ್ಲೀನ್ ಮಾಡಿಸ್ಲಿಲ್ಲ?”

ರಾಜಗೋಪಾಲನಗರದ ನಮ್ಮ ಮನೆ ಮಾಲೀಕ ಗೌಡರು, “ಕ್ಲೀನ್ ಮಾಡಿಸಿದ್ರೆ ಹಲ್ಲು ಸಡ್ಲ ಆಯ್ತವೆ” ಎಂದಿದ್ದರು. ಅದನ್ನು ನಂಬಿದ್ದಲ್ಲದೆ, ಪೀಣ್ಯದ ನಮ್ಮ ಕಾರ್ಖಾನೆಯವರಿಗೆಲ್ಲ ನಾನೇ ದಂತವೈದ್ಯನಂತೆ ಉಪದೇಶಿಸಿದ್ದೆ.

ಆ ಎರಡು ಹಲ್ಲು ಕಿತ್ತರು. ಉಳಿದವನ್ನು ಕಾಪಾಡಲು ಇನ್ನೊಂದು ದಿನ ಕರೆಸಿ, ಒಸಡು ಕೊಯ್ದು, ಒಳಗಿನ ಕೊಳೆ ಕೆರೆದು ಹೊಲಿಗೆ ಹಾಕಿದರು. ಊದಿದ ಮುಖ ಹೊತ್ತು ಹೊರಬಂದರೆ ಬೆಂಚಿನ ಮೇಲೆ ಗೌಡರೇ ಕೂತಿದ್ದಾರೆ!

“ಗೌಡ್ರೇ, ಆರು ತಿಂಗ್ಳಿಗೆ ಸರಿಯಾಗಿ ಕ್ಲೀನಿಂಗ್‌ಗೆ ಬಂದ್ಬಿಟ್ರಲ್ಲ” ಎಂದು ನರ್ಸ್ ನಕ್ಕಳು.

ನಾನು ಕೆಕ್ಕರಿಸಿ ನೋಡಿದೆ. ಬೈಯೋಣವೆಂದರೆ ಬಾಯಿ ಮರಗಟ್ಟಿತ್ತು. ಗೌಡರು ಅಷ್ಟೂ ಹಲ್ಲು ಕಿರಿದು, “ಏನೋ ಮಾತಿಗೆ ಏಳ್ದೆ ಕಣಪ್ಪ. ಓದಿರೋನು ನೀನು, ನಂಬ್ಬಿಡೋದಾ?” ಎಂದರು.

ವಾರದ ನಂತರ ಕಾರ್ಖಾನೆಯಲ್ಲಿ ಒಬ್ಬೊಬ್ಬರನ್ನೇ ಕರೆದು, ನಾನು ಹೇಳಿದ್ದು ತಪ್ಪು, ಹಲ್ಲು ಕ್ಲೀನ್ ಮಾಡಿಸಿಕೊಳ್ಳಿ ಎಂದೆ. ಅವರು ನನ್ನ ಬಾಯೊಳಗಿನ ಕಿಂಡಿ ನೋಡಿ, “ನೀವು ಮೊದ್ಲು ಹೇಳಿದ್ದೇ ಕರೆಕ್ಟು ಸಾರ್” ಎನ್ನುತ್ತಿದ್ದಾರೆ.