ನೆಲಬೇವಿನ ಕಹಿ

ಅವರು ದಿನಾ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದು, ಶಿವಮೊಗ್ಗದ ನಮ್ಮ ಕಾಲೇಜಿನ ಔಷಧಿ ಗಿಡಗಳನ್ನು ನೋಡಿಕೊಳ್ಳುತ್ತಿದ್ದ ಮಾಲಿ. ನನ್ನ ಸಂಶೋಧನೆ ನೆಲಬೇವಿನ ಮೇಲೆ. ಹುಳ ಕಚ್ಚಿದಾಗ ಗಿಡದೊಳಗೆ ಹುಟ್ಟುವ ಹಾರ್ಮೋನನ್ನು ನಾವೇ ಎಲೆಗೆ ಸಿಂಪಡಿಸಿದರೆ, ಗಿಡ ಹೆದರಿ ಕಹಿ ಹೆಚ್ಚಿಸಿಕೊಳ್ಳುತ್ತದೆ. ಆ ಕಹಿಯೇ ಔಷಧ. ಇದನ್ನು ನಾನು ಇಪ್ಪತ್ತು ಪುಟ ಬರೆದಿದ್ದೆ. ಅವರು ಹೇಳುತ್ತಿದ್ದುದು ಇಷ್ಟೇ: “ಗಿಡಕ್ಕೆ ಒಂದ್ ಸುಳ್ಳು ಹೇಳ್ಬೇಕು ಮಾರಾಯ್ತಿ.”

ಸಿಂಪಡಿಸಿದ ಗಿಡಕ್ಕೆ ಕೆಂಪು ದಾರ ಕಟ್ಟುವುದು ಅವರ ಪದ್ಧತಿ. ವಾರದ ನಂತರ ಕಣ್ಣು ಮುಚ್ಚಿ, ನಾನು ಕೊಟ್ಟ ಎಲೆಗಳನ್ನು ಒಂದೊಂದಾಗಿ ಅಗಿದು, ದಾರದ ಗಿಡದ್ದು ಯಾವುದೆಂದು ಹೇಳುತ್ತಿದ್ದರು. ಲ್ಯಾಬಿನ ವರದಿ ಆಮೇಲೆ ಬಂದು ಅದನ್ನೇ ಹೇಳುತ್ತಿತ್ತು.

ಗಂಟಲಿನ ಕ್ಯಾನ್ಸರಿಗೆ ರೇಡಿಯೇಷನ್ ಮುಗಿಸಿಕೊಂಡು ಮೂರು ತಿಂಗಳ ಮೇಲೆ ಬಂದರು. ಬಂದವರೇ ಒಂದು ಎಲೆ ಕಿತ್ತು ಬಾಯಿಗಿಟ್ಟರು. ಇನ್ನೊಂದು ಕಿತ್ತರು. ಬಹಳ ಹೊತ್ತು ಅಗಿದರು.

“ಔಷಧಿ ಹೊಡ್ದಿಲ್ವಾ? ಹುಲ್ಲು ತಿಂದಂಗಿದೆ.”

ಹೊಡೆದು ವಾರವಾಗಿತ್ತು. ಹೊಡೆಯದಿದ್ದರೂ ನೆಲಬೇವು ಬಾಯಲ್ಲಿಡಲಾಗದಷ್ಟು ಕಹಿ.

“ಇಲ್ಲಣ್ಣ, ಮರೆತೇಬಿಟ್ಟೆ,” ಅಂದೆ.

ಅವರ ಬೆರಳು ಕಾಂಡದ ಕೆಂಪು ದಾರದ ಮೇಲಿತ್ತು. ಅವರಿಲ್ಲದಾಗ ಅವರಂತೆಯೇ ನಾನು ಕಟ್ಟಿದ್ದೆ. ಗಂಟನ್ನು ಸುಮ್ಮನೆ ಸವರಿದರು.

“ಸುಳ್ಳು ಹೇಳೋದು ಗಿಡಕ್ಕೆ ಮಾರಾಯ್ತಿ, ನನಗಲ್ಲ.”

ಅಂದಿನಿಂದ ಎಲೆ ಅಗಿಯುವ ಕೆಲಸ ನನ್ನದಾಯಿತು. ಅವರು ಎದುರಿಗೆ ಕೂತು, ನಾನು ಮುಖ ಕಿವುಚುವವರೆಗೂ ನನ್ನನ್ನೇ ನೋಡುತ್ತಿದ್ದರು.