ಸ್ಲ್ಯಾಬಿನ ಮೇಲೆ ಮೀನು ಹಿಡಿಯುವ ಆಟ

ನನ್ನ ತಮ್ಮನ ಎರಡೂ ಪಾದಗಳ ಮೇಲೆ ಚರ್ಮ ಬೆಳ್ಳಗಾಗಿ ಸುಕ್ಕುಗಟ್ಟಿದ ಕಲೆಗಳಿವೆ. ಯಾರಾದರೂ ಅದೇನು ಎಂದು ಕೇಳಿದರೆ ಅವ್ವ ನಗುತ್ತ ಹೇಳುತ್ತಾಳೆ: "ಸಣ್ಣಾಂವ ಇದ್ದಾಗ ಭಾಳ ಕಿಡಿಗೇಡಿ ಇದ್ದ. ಯಾರಿಗೂ ಹೇಳದ ಸ್ಲ್ಯಾಬಿನ ಮ್ಯಾಲ ಏರಿ ಕುಂತಿದ್ದ." ತಮ್ಮನೂ ನಗುತ್ತಾನೆ. ಅವನು ಏರಿ ಕೂತಿರಲಿಲ್ಲ. ನಾನು ಕೂಡಿಸಿದ್ದೆ.

ಆಗ ನಾವು ಗೋವಾದ ಪರ್ವರಿಯಲ್ಲಿದ್ದೆವು. ಮೂರು ಮಹಡಿಯ ಒಂದು ಬಿಲ್ಡಿಂಗ್ ಏಳುತ್ತಿತ್ತು. ವಿಜಾಪುರದ ಕಡೆಯಿಂದ ಬಂದ ನಾಲ್ಕೈದು ಮನೆಯವರು ಅದರ ಬುಡದಲ್ಲೇ ತಗಡಿನ ಶೆಡ್ಡುಗಳಲ್ಲಿ ಇದ್ದೆವು. ಹೊಸ ಕಾಂಕ್ರೀಟು ಒಣಗಿ ಬಿರುಕು ಬಿಡದಂತೆ ನೀರು ಹೊಡೆಯುವುದು ಅಪ್ಪನ ಕೆಲಸ. ಅವ್ವ ಎದುರಿನ ಫ್ಲ್ಯಾಟುಗಳಲ್ಲಿ ಭಾಂಡೆ ತಿಕ್ಕುತ್ತಿದ್ದಳು. ನಾನು ಊರಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಓದಿದ್ದೆ. ಗೋವಾಕ್ಕೆ ಬಂದ ಮೇಲೆ ಶಾಲೆ ತಪ್ಪಿತು, ತಮ್ಮನನ್ನು ನೋಡಿಕೊಳ್ಳುವುದೇ ನನ್ನ ಕೆಲಸವಾಯಿತು. ಅವನಿಗೆ ಆಗಿನ್ನೂ ಮುಂದಿನ ಹಲ್ಲು ಬಿದ್ದಿರಲಿಲ್ಲ.

ಅದಕ್ಕೂ ಮೊದಲು ಸಾವರ್ಡೆಯಲ್ಲಿ ಕೆಲಸ ಮಾಡುತ್ತಿದ್ದಾಗ ಯಾರದೋ ಕೂಸು ಮೆಟ್ಟಿಲಿನಿಂದ ಬಿದ್ದು ಸೊಂಟ ಮುರಿದುಕೊಂಡಿತ್ತು. ಮರುದಿನವೇ ಮಕ್ಕಳಿದ್ದ ಮನೆಯವರನ್ನೆಲ್ಲ ಅಲ್ಲಿಂದ ಎಬ್ಬಿಸಿದ್ದರು. ಪಾತ್ರೆ ಪಗಡ ಚೀಲಕ್ಕೆ ತುಂಬಿಕೊಂಡು ಬಸ್‌ ಸ್ಟ್ಯಾಂಡಿನಲ್ಲಿ ರಾತ್ರಿ ಕಳೆದದ್ದು ನನಗೆ ಚೆನ್ನಾಗಿ ನೆನಪಿತ್ತು. ಪರ್ವರಿಯ ಮುಕಾದಮ, ಅಂದರೆ ನಮ್ಮ ಕೂಲಿಯವರ ಮೇಲಿನ ಯಜಮಾನ, ಬಂದ ದಿನವೇ ಹೇಳಿದ್ದ: "ಹುಡುಗ್ರು ಮ್ಯಾಲ ಕಂಡ್ರ ನನಗೇನೂ ಹೇಳಬ್ಯಾಡ್ರಿ. ಗಂಟು ಕಟ್ಟಿಕೊಂಡು ನಡೀರಿ ಅಷ್ಟ."

ಅವ್ವ ಹೋಗುತ್ತಿದ್ದ ಒಂದು ಫ್ಲ್ಯಾಟಿನಲ್ಲಿ ಕಾಲೇಜು ಕಲಿಯುವ ಹುಡುಗನಿದ್ದ. ನೆಲ ಒರೆಸಲು ಅವ್ವನ ಜೊತೆ ಹೋದಾಗ ಅವನು ಕಂಪ್ಯೂಟರಿನಲ್ಲಿ ಆಡುವುದನ್ನು ನಾನು ನೋಡುತ್ತಿದ್ದೆ. ಕತ್ತಿ ಹಿಡಿದ ಒಬ್ಬ ಊರೂರು ತಿರುಗುತ್ತಾನೆ. ದೂರದ ಬೆಟ್ಟದ ಮೇಲೆ ರಾಕ್ಷಸ ಕೂತಿದ್ದಾನೆ, ಅವನನ್ನು ಕೊಲ್ಲದಿದ್ದರೆ ಲೋಕವೇ ಸುಟ್ಟುಹೋಗುತ್ತದೆ. ಕೆಳಗೆ ಇಂಗ್ಲಿಷಿನಲ್ಲಿ ಮಾತುಗಳು ಬರುತ್ತಿದ್ದವು, ನನಗೆ ಓದಲು ಬರುತ್ತಿರಲಿಲ್ಲ. ಆದರೆ ಆ ದೊಡ್ಡ ಆಟದ ಹೊಟ್ಟೆಯಲ್ಲಿ ಸಣ್ಣ ಸಣ್ಣ ಆಟಗಳಿದ್ದವು. ಕೆರೆಯ ದಂಡೆಯಲ್ಲಿ ಗಾಳ ಹಾಕಿ ಮೀನು ಹಿಡಿಯುವುದು, ಛತ್ರದ ಮುದುಕನ ಜೊತೆ ಇಸ್ಪೀಟೆಲೆಯ ಆಟ, ತಪ್ಪಿಸಿಕೊಂಡ ಕೋಳಿಗಳನ್ನು ಗೂಡಿಗೆ ಸೇರಿಸುವುದು. ಅವು ಓದದೆಯೂ ತಿಳಿಯುತ್ತಿದ್ದವು. ಮೀನು ಹಿಡಿದು ಮುಗಿದಾಗ ಟಣ್ ಎಂದು ಗಂಟೆಯಾಗುತ್ತಿತ್ತು.

ಇವನ್ನು ಆಡಲೇಬೇಕೇನು ಎಂದು ನನ್ನ ಹರಕು ಹಿಂದಿಯಲ್ಲಿ ಒಮ್ಮೆ ಕೇಳಿದೆ. ಬೇಕಾದರೆ ಆಡಬಹುದು, ಬೇಡವಾದರೆ ಬಿಟ್ಟು ಮುಂದೆ ಹೋಗಬಹುದು ಎಂದ. ಹಾಗಾದರೆ ಇವನು ಮೀನು ಹಿಡಿಯುತ್ತ ಕೂತಾಗ ರಾಕ್ಷಸ ಏನು ಮಾಡುತ್ತಾನೆ ಎಂದೆ. ಏನೂ ಮಾಡುವುದಿಲ್ಲ, ಕಾಯುತ್ತಾನೆ ಎಂದು ಅವನು ನಕ್ಕ. ನನಗೆ ಅದು ಬಹಳ ಹಿಡಿಸಿತು. ಎಷ್ಟು ಹೊತ್ತು ಕೂತರೂ ಏನೂ ಕೆಡದ ಲೋಕ.

ಆ ಆಟವನ್ನು ನಾನು ಶೆಡ್ಡಿಗೆ ತಂದೆ. ನೋಡಿದವಳು ನಾನೊಬ್ಬಳೇ ಆದ್ದರಿಂದ ಆಟ ಕಟ್ಟುವವಳೂ ನಾನೇ. ಪಕ್ಕದ ಶೆಡ್ಡಿನ ಇಬ್ಬರು ಹುಡುಗರು ಕತ್ತಿಯವರು, ಉಸುಕಿನ ಗುಡ್ಡೆ ರಾಕ್ಷಸನ ಬೆಟ್ಟ. ಕಷ್ಟವಾದದ್ದು ತಮ್ಮನಿಂದ. ಅವನು ಹಿಂದೆ ಬೀಳುತ್ತಿದ್ದ, ಅಳುತ್ತಿದ್ದ, ಆಟ ನಿಲ್ಲುತ್ತಿತ್ತು.

"ಇವನ್ನ ರಾಕ್ಷಸ ಮಾಡಬೇ," ಎಂದ ಹುಡುಗರಲ್ಲಿ ದೊಡ್ಡವನು. "ಇವನ ಸಿಂಬಳ ನೋಡಿ ನಾವೇ ಓಡಿ ಹೋಗ್ತೇವಿ."

"ನಾ ಕತ್ತಿ ಹಿಡಿತೇನಿ," ಎಂದು ತಮ್ಮ ಅಳತೊಡಗಿದ.

ಆಗ ನಾನು ಅವನಿಗಾಗಿ ಸಣ್ಣ ಆಟಗಳನ್ನು ಸೇರಿಸಿದೆ. ಮೊದಲು ಉಸುಕಿನಲ್ಲಿ ಚಿಪ್ಪು ಆರಿಸುವ ಆಟ. ಅದು ಬೇಗ ಮುಗಿದು ಮತ್ತೆ ನಮ್ಮ ಬೆನ್ನು ಹತ್ತಿದ. ಆಮೇಲೆ ಮೀನಿನದು. ಮೂರನೆಯ ಮಹಡಿಯ ಮೇಲಿನ ಸ್ಲ್ಯಾಬನ್ನು ಆಗಷ್ಟೇ ಹಾಕಿದ್ದರು. ಹೊಲದಲ್ಲಿ ಮಡಿ ಮಾಡುವ ಹಾಗೆ ಅದರ ಮೇಲೆ ಸಿಮೆಂಟಿನ ಸಣ್ಣ ಒಡ್ಡುಗಳನ್ನು ಕಟ್ಟಿ ನೀರು ನಿಲ್ಲಿಸುತ್ತಾರೆ. ಒಂದೊಂದು ಮಡಿಯಲ್ಲೂ ಗೇಣುದ್ದಕ್ಕಿಂತ ಕಡಿಮೆ ನೀರು, ಅದರಲ್ಲಿ ಆಕಾಶ. ನಾನು ಸೋಡಾ ಬಾಟಲಿಯ ಮುಚ್ಚಳಗಳನ್ನು ಬಗ್ಗಿಸಿ ನೀರಿಗೆ ಹಾಕಿದೆ, ಅವೇ ಮೀನು. ಕಬ್ಬಿಣದ ಸಳಿ ಕಟ್ಟುವ ತಂತಿಯ ತುದಿ ಮಡಚಿ ಗಾಳ ಮಾಡಿಕೊಟ್ಟೆ.

ಎರಡು ಮಾತು ಹೇಳಿದ್ದೆ. "ಮಾತಾಡಬಾರದು, ಮಾತಾಡಿದ್ರ ಮೀನು ಓಡಿ ಹೋಗ್ತಾವ. ಗಂಟಿ ಬಾರಿಸೂತನಕಾ ಏಳಬಾರದು. ಗಂಟಿ ಕೇಳಿದ ಕೂಡ್ಲೇ ಎದ್ದು ನಿಚ್ಚಣಿಕಿ ಹತ್ರ ಬಾ, ನಾ ಇಳಸ್ತೇನಿ." ಗಂಟೆ ಎಂದರೆ ವಾಚ್‌ಮನ್ ಮುತ್ಯಾನ ಗುಡಿಸಲ ಮುಂದೆ ನೇತುಹಾಕಿದ ಕಬ್ಬಿಣದ ತುಂಡು. ಸಂಜೆ ನೀರಿನ ಟ್ಯಾಂಕರ್ ಬಂದಾಗ ಹೆಂಗಸರು ಕೊಡ ತರಲಿ ಎಂದು ಅವನು ಅದನ್ನು ಬಾರಿಸುತ್ತಿದ್ದ. ಆ ಎರಡು ಮಾತು ಮೀನಿಗಾಗಿ ಅಲ್ಲ, ಅವನು ನಮ್ಮ ಹಿಂದೆ ಬರದಿರಲಿ ಎಂದು.

ಅವನು ಚಾಚೂ ತಪ್ಪದೆ ಪಾಲಿಸಿದ. ಕೆಲವು ದಿನ ಎಲ್ಲವೂ ಸರಿಯಾಗಿಯೇ ನಡೆಯಿತು. ಅಪ್ಪ ಕೆಳಗೆ ಬೇರೆ ಕೆಲಸದಲ್ಲಿದ್ದ ಹೊತ್ತು ನೋಡಿ ನಾನು ಅವನನ್ನು ಮೂರನೆಯ ಮಹಡಿಯ ಏಣಿಯಿಂದ ಸ್ಲ್ಯಾಬಿನ ಕಿಂಡಿಯೊಳಗೆ ಹತ್ತಿಸುತ್ತಿದ್ದೆ, ಗಂಟೆಗೆ ಇಳಿಸುತ್ತಿದ್ದೆ. ಹುಡುಗರಿಗೂ ಜಾಗ ಹೇಳಿರಲಿಲ್ಲ. ಮೇಲೆ ಸುತ್ತಲೂ ಗೋಡೆ ಇರಲಿಲ್ಲ. ಅದು ನನಗೆ ಆಗ ಕಾಣಿಸಿರಲಿಲ್ಲ.

ಆ ದಿನ ಟ್ಯಾಂಕರ್ ತಡವಾಗಿತ್ತು. ಬಿಸಿಲು ಇಳಿದಿತ್ತು. ನಾನು ಉಸುಕಿನ ಗುಡ್ಡೆಯ ಹತ್ತಿರ ಇದ್ದೆ. ಅಪ್ಪ ಮೂರನೆಯ ಮಹಡಿಯಿಂದ ಸ್ಲ್ಯಾಬಿಗೆ ಹತ್ತುವ ಬಿದಿರಿನ ಏಣಿಯನ್ನು ಹೆಗಲ ಮೇಲೆ ಹೊತ್ತುಕೊಂಡು ಕೆಳಗೆ ಬಂದ. ಪಕ್ಕದಲ್ಲಿ ಮುಕಾದಮ. ಹಿಂದಿನ ರಾತ್ರಿ ಮೇಲಿದ್ದ ಸಳಿಗಳು ಕಳವಾಗಿದ್ದವಂತೆ, ಇನ್ನು ಮೇಲೆ ಏಣಿಯನ್ನು ಗೋದಾಮಿನಲ್ಲಿ ಇಡಬೇಕಂತೆ.

ಅಪ್ಪ ನನ್ನನ್ನು ನೋಡಿ ನಿಂತ. "ಮ್ಯಾಲ ಯಾರರ ಅದಾರೇನ?"

ಮುಕಾದಮನೂ ನನ್ನನ್ನೇ ನೋಡುತ್ತಿದ್ದ.

"ಯಾರೂ ಇಲ್ಲಪಾ."

"ಸಣ್ಣಾಂವ ಎಲ್ಲದಾನ?"

"ಮನ್ಯಾಗ ಮಕ್ಕೊಂಡಾನ."

ಮುಕಾದಮ ಹೋದ ಮೇಲೆ ಏಣಿ ಕೇಳಿದರಾಯಿತು ಎಂದುಕೊಂಡಿದ್ದೆ. ಅವನು ಗೋದಾಮಿಗೆ ಬೀಗ ಹಾಕಿ, ಕೀಲಿ ಜೇಬಿಗೆ ಹಾಕಿ, ಸ್ಕೂಟರ್ ಏರಿ ಹೋಗಿಬಿಟ್ಟ. ಅಪ್ಪ ಮುಖ ತೊಳೆಯಲು ಹೋದ. ಅವನ ಹಿಂದೆ ನಾಲ್ಕು ಹೆಜ್ಜೆ ಹೋದೆ. ಅಲ್ಲೇ ನಿಂತೆ. ಬಸ್‌ ಸ್ಟ್ಯಾಂಡಿನ ಆ ರಾತ್ರಿ, ಅವ್ವನ ತೊಡೆಯ ಮೇಲಿದ್ದ ಪಾತ್ರೆಯ ಚೀಲ ಕಣ್ಣ ಮುಂದೆ ಬಂತು.

ನಾನು ಮೂರನೆಯ ಮಹಡಿಗೆ ಓಡಿದೆ. ಸ್ಲ್ಯಾಬಿನ ಕಿಂಡಿಯ ಕೆಳಗೆ ನಿಂತು ನೋಡಿದರೆ ಮಾಸಿದ ಆಕಾಶದ ಒಂದು ತುಂಡು ಮಾತ್ರ. "ತಮ್ಮಾ," ಎಂದೆ, ಕೆಳಗಿನವರಿಗೆ ಕೇಳದಷ್ಟು ಮೆಲ್ಲಗೆ. "ತಮ್ಮಾ, ನಾನದೇನಿ." ಸ್ಲ್ಯಾಬಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಮತ್ತೇನೂ ಕೇಳಲಿಲ್ಲ.

ಮಾತಾಡಬಾರದು ಎಂದು ಹೇಳಿದ್ದವಳು ನಾನೇ. ಅದಕ್ಕೇ ಸುಮ್ಮನಿದ್ದಾನೋ, ಅಥವಾ ಮೇಲೆ ಅವನು ಇಲ್ಲವೇ ಇಲ್ಲವೋ? ಕೆಳಗೆ ಓಡಿದೆ. ಬಿಲ್ಡಿಂಗಿನ ಹಿಂದೆ ಸಳಿಗಳ ರಾಶಿ, ಒಡೆದ ಕಲ್ಲು ಇದ್ದವು. ಅಲ್ಲಿಗೆ ಹೋಗಿ ನೋಡಬೇಕಿತ್ತು. ಮೂಲೆಯವರೆಗೆ ಹೋಗಿ ನಿಂತೆ. ಗೋಡೆಗೆ ಕೈಯಿಟ್ಟು ಕಣ್ಣು ಮುಚ್ಚಿ ತಲೆಯನ್ನಷ್ಟೇ ಆಚೆ ಚಾಚಿದೆ. ಕಣ್ಣು ತೆರೆದಾಗ ತಮ್ಮನ ಅಂಗಿಯಂಥ ಒಂದು ನೀಲಿ ಬಟ್ಟೆ ಕಂಡಿತು. ಅದು ಸಿಮೆಂಟಿನ ಖಾಲಿ ಚೀಲ.

ಇದ್ದಾನೆ, ಮೇಲೆಯೇ ಇದ್ದಾನೆ ಎಂದುಕೊಂಡೆ. ಆಟ ನಡೆಯುವವರೆಗೆ ಅವನು ಏಳುವುದಿಲ್ಲ, ಏಳದಿದ್ದರೆ ಬೀಳುವುದಿಲ್ಲ. ಆಗಲೇ ಗೇಟಿನಲ್ಲಿ ಟ್ಯಾಂಕರಿನ ಸದ್ದು ಕೇಳಿತು.

ಗಂಟೆ ಕೇಳಿದ ಕೂಡಲೇ ಎದ್ದು ಏಣಿಯ ಹತ್ತಿರ ಬಾ ಎಂದಿದ್ದೆ. ಏಣಿ ಇಲ್ಲ. ಕತ್ತಲಾಗುತ್ತಿತ್ತು. ಅವನು ಓಡಿ ಬಂದು, ಎಂದಿನಂತೆ ಹಿಂದು ಮುಂದಾಗಿ ತಿರುಗಿ, ಕಿಂಡಿಯೊಳಗೆ ಕಾಲು ಇಳಿಬಿಡುತ್ತಾನೆ. ಇಳಿಯುವುದನ್ನು ಅವನಿಗೆ ಹಾಗೆ ಕಲಿಸಿದವಳು ನಾನು.

ಮುತ್ಯಾ ಆಗಲೇ ಕಬ್ಬಿಣದ ಸುತ್ತಿಗೆ ಎತ್ತಿಕೊಂಡಿದ್ದ.

"ಮುತ್ಯಾ, ಇವತ್ತ ಬಾರಸಬ್ಯಾಡ್ರಿ."

"ಯಾಕವಾ?"

"ತಮ್ಮ ಮಕ್ಕೊಂಡಾನ. ಎದ್ರ ಅಳ್ತಾನ."

"ಓಹೋ, ಮಹಾರಾಜರು ಮಕ್ಕೊಂಡಾರ. ಊರಿಗೆಲ್ಲಾ ನೀರು ಬ್ಯಾಡೇನು ಹಂಗಾರ?" ಎಂದು ನಕ್ಕು ಕೈ ಬೀಸಿದ.

ಆಗಲೂ ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು. ನಾನು ಹೇಳಲಿಲ್ಲ, ಹಾರಿ ಎರಡೂ ಕೈಗಳಿಂದ ಕಬ್ಬಿಣದ ತುಂಡನ್ನು ತಬ್ಬಿಕೊಂಡೆ. ಏಟು ಹೆಬ್ಬೆರಳಿನ ಮೇಲೆ ಬಿತ್ತು. ಗಂಟೆ ಟಣ್ ಎನ್ನಲಿಲ್ಲ, ಮೊಂಡ ಸದ್ದಾಯಿತು. ಮುತ್ಯಾ ಗಾಬರಿಯಾಗಿ ಸುತ್ತಿಗೆ ಬಿಟ್ಟ. "ಹುಚ್ಚಿ ಅದೀ ಏನ? ಬೆರಳು ತೋರ್ಸು."

ಅಷ್ಟರಲ್ಲಿ ಅವ್ವ ಶೆಡ್ಡಿನಿಂದ ಕೊಡ ಹಿಡಿದು ಬಂದಳು. "ಸಣ್ಣಾಂವ ಎಲ್ಲಿ? ಹಾಸಿಗ್ಯಾಗ ಇಲ್ಲಲಾ."

ಎಲ್ಲರೂ ನನ್ನತ್ತ ನೋಡಿದರು. ಅಪ್ಪನೂ ಬಂದ.

"ಮಕ್ಕೊಂಡಾನ ಅಂದಿದ್ದಿ?"

"ಮಕ್ಕೊಂಡಿದ್ದ. ಎದ್ದು ಮ್ಯಾಲ ಹೋಗಿರಬೇಕು," ಎಂದೆ. "ದಿನಾ ಹೋಗ್ತೇನಿ ಅಂತಿದ್ದ."

ಬೆರಳಿನಿಂದ ರಕ್ತ ಸೋರುತ್ತಿತ್ತು. ಅದಕ್ಕೇ ಅಳುತ್ತಿದ್ದೇನೆ ಎಂದು ಅವರು ತಿಳಿದರು.

ಅವ್ವ ಅವನ ಹೆಸರು ಹಿಡಿದು ಒಮ್ಮೆ ಕೂಗಿದಳು. ಮುತ್ಯಾ ಅವಳ ಬಾಯಿಗೆ ಕೈ ಅಡ್ಡ ಹಿಡಿದ. "ಕೂಗಬ್ಯಾಡವಾ. ಗಾಬರ್ಯಾಗಿ ಅಂಚಿಗೆ ಬಂದಾನು." ಟ್ಯಾಂಕರಿನ ಪೈಪಿನಿಂದ ನೀರು ನೆಲಕ್ಕೆ ಹರಿದುಹೋಗುತ್ತಿದ್ದರೂ ಯಾರೂ ಕೊಡ ಒಡ್ಡಲಿಲ್ಲ. ಕೀಲಿ ಮುಕಾದಮನ ಜೇಬಿನಲ್ಲಿತ್ತು. ಅಪ್ಪ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು, ಸಿಮೆಂಟಿನ ಗಿಲಾಯಿ ಬಳಿಯಲು ಹೊರಗೋಡೆಗೆ ಕಟ್ಟಿದ್ದ ಬಿದಿರುಗಳನ್ನು ಹಿಡಿದು ಹತ್ತತೊಡಗಿದ. ಬಿದಿರು ಕಿರುಗುಟ್ಟುತ್ತಿತ್ತು. ಒಂದು ಕಡೆ ಅವನ ಕಾಲು ಜಾರಿತು, ಟಾರ್ಚಿನ ಬೆಳಕು ಗೋಡೆಯ ಮೇಲೆಲ್ಲ ತೂರಾಡಿತು. ಇಬ್ಬರನ್ನೂ ನಾನೇ ಕೊಂದೆ ಎಂದುಕೊಂಡೆ. ಅವ್ವ ನನ್ನ ಭುಜವನ್ನು ಹಿಡಿದುಕೊಂಡಿದ್ದಳು, ಆಸರೆಗೆ.

ಬೆಳಕು ಅಂಚು ದಾಟಿ ಒಳಗೆ ಮರೆಯಾಯಿತು. ಆಮೇಲೆ ಅಪ್ಪನ ದನಿ, ಒಡೆದ ದನಿ: "ಅದಾನ."

ಟವೆಲ್ಲು ಸುತ್ತಿ ಅಪ್ಪ ಅವನನ್ನು ಕಿಂಡಿಯಿಂದ ಮೂರನೆಯ ಮಹಡಿಗೆ ಇಳಿಬಿಟ್ಟ, ಪಕ್ಕದ ಶೆಡ್ಡಿನವರು ಹಿಡಿದುಕೊಂಡರು. ಕೆಳಗೆ ತಂದಾಗ ನೋಡಿದೆ. ಅವನು ಮಡಿಯೊಳಗೇ ಕಾಲಿಟ್ಟು ಕೂತಿದ್ದ. ಸಿಮೆಂಟಿನ ನೀರು ಪಾದವನ್ನು ತಿಂದಿತ್ತು, ಚರ್ಮ ಬಿಳಿಚಿ ಅಲ್ಲಲ್ಲಿ ಕಿತ್ತುಬಂದಿತ್ತು. ಉರಿಯುತ್ತಿದ್ದರೂ ಅವನು ಎದ್ದಿರಲಿಲ್ಲ. ಮುಷ್ಟಿಯಲ್ಲಿ ಮುಚ್ಚಳಗಳಿದ್ದವು.

ಅಪ್ಪ ಅವನ ಕೆನ್ನೆಗೆ ಹೊಡೆದ. "ಮ್ಯಾಲ ಯಾಕ ಹೋಗಿದ್ದಿ? ಯಾರ ಹೇಳಿದ್ರು ನಿನಗ?"

ತಮ್ಮ ನನ್ನತ್ತ ನೋಡಿದ. ಬಾಯಿ ತೆರೆಯಲಿಲ್ಲ. ಅಪ್ಪ ಮತ್ತೆ ಹೊಡೆದ, ಮತ್ತೆ ಕೇಳಿದ. ತಮ್ಮ ನನ್ನನ್ನೇ ನೋಡುತ್ತಿದ್ದ. ಗಂಟೆ ಬಾರಿಸಿರಲಿಲ್ಲ. ಅವನ ಮಟ್ಟಿಗೆ ಆಟ ಮುಗಿದಿರಲಿಲ್ಲ. ನಾನು ಬೆರಳನ್ನು ಲಂಗಕ್ಕೆ ಒತ್ತಿ ಹಿಡಿದು ನಿಂತೇ ಇದ್ದೆ.

ಮರುದಿನ ಮುಕಾದಮ ಬಂದ. ಅಪ್ಪ ಕೈಮುಗಿದ. ಹುಡುಗನನ್ನು ಕಟ್ಟಿಹಾಕಿ, ಇಲ್ಲವಾದರೆ ಜಾಗ ಬಿಡಿ ಎಂದ ಮುಕಾದಮ. ಅವ್ವ ಹಳೆಯ ಸೀರೆಯ ತುಂಡಿನಿಂದ ಅವನ ಸೊಂಟವನ್ನು ಶೆಡ್ಡಿನ ಕಂಬಕ್ಕೆ ಕಟ್ಟಿ ಕೆಲಸಕ್ಕೆ ಹೋಗತೊಡಗಿದಳು. ಅವನನ್ನು ಕಾಯುವವಳು ನಾನೇ. ಗಂಟು ಬಿಚ್ಚಬಹುದಿತ್ತು, ಬಿಚ್ಚಲು ಹೆದರುತ್ತಿದ್ದೆ. ಯುಗಾದಿಗೆ ಸೋದರಮಾವ ಬಂದಾಗ, ಹುಡುಗ ಕೈಗೆ ಸಿಗುವುದಿಲ್ಲ ಎಂದು ಅವನ ಜೊತೆ ಊರಿಗೆ ಕಳಿಸಿದರು. ತಮ್ಮ ಮಾವನ ಮನೆಯಲ್ಲೇ ಬೆಳೆದ. ವರ್ಷಕ್ಕೊಮ್ಮೆ ನೋಡುತ್ತಿದ್ದೆ, ಪ್ರತಿ ಸಲವೂ ಸ್ವಲ್ಪ ಹೊಸಬನಾಗಿರುತ್ತಿದ್ದ.

ಅಪ್ಪ ಈಗಿಲ್ಲ. ಅವನಿಗೆ ಹೇಳುವ ದಿನ ದಾಟಿಹೋಯಿತು. ನಾನು ಮದುವೆಯಾಗಿ ಇಲ್ಲೇ ಗೋವಾದ ಸಡಾದಲ್ಲಿದ್ದೇನೆ, ಅವ್ವ ನನ್ನ ಜೊತೆಗಿದ್ದಾಳೆ. ತಮ್ಮ ಈ ವರ್ಷ ಟೈಲ್ಸ್ ಕೂಡಿಸುವ ಕೆಲಸಕ್ಕೆಂದು ಮತ್ತೆ ಗೋವಾಕ್ಕೆ ಬಂದಿದ್ದಾನೆ. ಕಳೆದ ಭಾನುವಾರ ಊಟಕ್ಕೆ ಬಂದಿದ್ದ. ಬಾಗಿಲ ಬಳಿ ಕಾಲು ಚಾಚಿ ಕೂತು ಮೊಬೈಲಿನಲ್ಲಿ ಏನೋ ಆಡುತ್ತಿದ್ದ. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವನ ಪಾದ ನೋಡುತ್ತ ನೋಡುತ್ತ ನನಗೆ ತಡೆಯಲಾಗಲಿಲ್ಲ.

"ಆ ಮೀನಿನ ಆಟ ನೆನಪೈತೇನು?"

ಅವನು ತಲೆ ಎತ್ತಲಿಲ್ಲ. ಒಳಗಿನ ರೊಟ್ಟಿಯ ಸದ್ದು ಕೇಳಿಸಿಕೊಂಡ ಹಾಗಿತ್ತು. "ಅವ್ವಗ ಹೇಳಿದ್ಯೇನ?"

"ಇಲ್ಲ."

"ಮತ್ತ ನನಗ ಯಾಕ ಕೇಳಾಕತ್ತಿ?"

ಸಿಟ್ಟಿನಿಂದ ಹೇಳಿದ್ದಲ್ಲ. ಹೊತ್ತೆಷ್ಟಾಯಿತು ಎಂದು ಕೇಳಿದ ಹಾಗೆ ಕೇಳಿದ. ರೊಟ್ಟಿಯ ಬುಟ್ಟಿ ಹಿಡಿದು ಅವ್ವ ಹೊರಗೆ ಬಂದಳು. "ಏನ ಗುಸುಗುಸು ಅಕ್ಕ ತಮ್ಮಂದು?"

"ಏನಿಲ್ಲವಾ, ಮೀನಿಂದು," ಎಂದ ತಮ್ಮ.

"ಮೀನು ಈಗ ಭಾಳ ತುಟ್ಟಿ. ಬದ್ನಿಕಾಯಿ ಐತಿ, ಉಣ್ಣು," ಎಂದಳು ಅವ್ವ.

ಅವನು ಉಂಡು ಹೋದ ಮೇಲೆ ಇದನ್ನು ಬರೆಯಲು ಕೂತೆ. ಬರೆಯುವುದು ನನಗೆ ಸುಲಭವಲ್ಲ, ಒತ್ತಕ್ಷರಗಳನ್ನು ಈಗಲೂ ಮಗಳನ್ನು ಕೇಳಿ ಬರೆಯುತ್ತೇನೆ. ಆದರೆ ಹೆದರಿಕೆ ಅದರದ್ದಲ್ಲ. ಅವ್ವನಿಗೆ ಓದಲು ಬರುವುದಿಲ್ಲ. ಇದನ್ನು ನಾನೇ ಓದಿ ಹೇಳಬೇಕು, ತಮ್ಮ ಬಂದಿರುವಾಗ, ಅವನು ಕೇಳುವ ಹಾಗೆ. "ಯಾರೂ ಇಲ್ಲಪಾ" ಎಂಬಲ್ಲಿಗೆ ಬಂದಾಗ ನನ್ನ ದನಿ ನಿಲ್ಲುತ್ತದೆ ಎಂದು ಗೊತ್ತಿದೆ. ಅಲ್ಲಿಂದ ಮುಂದೆ ಓದಬೇಕು. ಅವನು ಮತ್ತೆ ಭಾನುವಾರ ಬರುತ್ತಾನೆ.