ಕಲ್ಯಾಣದಿಂದ ಠಾಣೆಯವರೆಗೆ ಒಂದು ಹಿತ್ತಲು

ಕೊರೊನಾ ಕಾಲ ಮುಗಿದ ಮರುವರ್ಷ. ಮುಂಬೈ ಪಕ್ಕದ ಠಾಣೆಯಲ್ಲಿ, ಘೋಡಬಂದರ್ ರಸ್ತೆಯ ದೊಡ್ಡ ವಸತಿ ಸಂಕೀರ್ಣಗಳಿಗೆ ತೋಟ ರೂಪಿಸಿಕೊಡುವ ಕಂಪನಿಯೊಂದರಲ್ಲಿ ನಾನು ಲ್ಯಾಂಡ್‌ಸ್ಕೇಪ್ ಸೂಪರ್‌ವೈಸರ್ ಆಗಿದ್ದೆ. ಹುಲ್ಲುಹಾಸು, ಕಾರಂಜಿ, ಸಾಲುಮರ ಎಂದು ಅಲ್ಲಿ ಮಾಡಿಸಿದ ತೋಟಗಳೆಲ್ಲ ಈಗ ನೆನಪಿನಲ್ಲಿ ಒಂದರೊಳಗೊಂದು ಬೆರೆತುಹೋಗಿವೆ. ಬೇರೆಯಾಗಿ ಉಳಿದಿರುವುದು ಡೊಂಬಿವಲಿಯ ಒಂದು ಹಿತ್ತಲು. ಅದು ಕಂಪನಿಯ ಕೆಲಸವೂ ಆಗಿರಲಿಲ್ಲ.

ಹಳೆಯ ಕಟ್ಟಡವೊಂದರ ನೆಲಮಹಡಿಯಲ್ಲಿ ವಿಜಯಪುರ ಕಡೆಯ ವಸಂತರಾಯರು ಮತ್ತು ಸಿಂಧೂಬಾಯಿ ಇದ್ದರು. ವಸಂತರಾಯರು ಮುಂಬೈಯ ಲೋಕಲ್ ರೈಲುಗಾಡಿಯ ಗಾರ್ಡ್ ಆಗಿ ನಿವೃತ್ತರಾದವರು. ಗ್ಲಾಕೋಮಾದಿಂದ ದೃಷ್ಟಿ ಹೋಗಿ, ಅವರಿಗೆ ಬೆಳಕು ಕತ್ತಲೆಗಳ ವ್ಯತ್ಯಾಸವಷ್ಟೇ ತಿಳಿಯುತ್ತಿತ್ತು. ಸಿಂಧೂಬಾಯಿ ನನಗೆ ಭಜನೆಯಲ್ಲಿ ಪರಿಚಯ.

"ನೀವು ದೊಡ್ಡ ದೊಡ್ಡ ಗಾರ್ಡನ್ ಮಾಡ್ತೀರಂತ," ಅಂದರು ಒಂದು ಸಂಜೆ. "ನಮ್ಮ ಹಿತ್ತಲದಾಗ ಇವರು ಒಬ್ಬರ ಅಡ್ಡಾಡೂ ಹಂಗ ಏನರ ಮಾಡ್ರಿ. ಕೈ ಹಿಡದು ಕರಕೊಂಡು ಹೋಗ್ತೀನಿ ಅಂದ್ರ ಹೊಸ್ತಿಲಾ ದಾಟವಲ್ಲರು."

ಅಡುಗೆಮನೆಯ ಬಾಗಿಲಿನಿಂದ ಕಾಂಪೌಂಡ್ ಗೋಡೆಯವರೆಗೆ ಮೂವತ್ತು ಅಡಿ ಉದ್ದದ ಪಟ್ಟಿ ಅದು. ಒಡೆದ ಕುಂಡ, ಹಳೆಯ ನೀರಿನ ಟಾಕಿ, ಮೊಣಕಾಲೆತ್ತರದ ಕಳೆ. ಮಗ ಗಿರೀಶ ಕನ್ನಡದಲ್ಲಿ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರಿಸುವವನು. "ಆಂಟಿ, ಸೀಧಾ ಪೇವರ್ ಬ್ಲಾಕ್ ಡಾಲ್ ದೇತೇ ಹೈ. ಗಿರ್‌ನೇ ಕಾ ಟೆನ್ಶನ್ ಹೀ ನಹೀ." ಬೀಳುವ ಭಯವೇ ಇರದಂತೆ ಇಡೀ ನೆಲಕ್ಕೆ ಸಿಮೆಂಟಿನ ಬ್ಲಾಕು ಹಾಸಿ, ಗೋಡೆಗುಂಟ ಹಿಡಿದು ನಡೆಯಲು ಸ್ಟೀಲ್ ಪೈಪು ಕೂರಿಸುವುದು ಅವನ ಯೋಚನೆ. ಮಳೆಗಾಲದೊಳಗೆ ಅಪ್ಪ ಒಬ್ಬರೇ ನಡೆದಾಡದಿದ್ದರೆ ಕೆಲಸದವರನ್ನು ಕರೆಸುತ್ತೇನೆ ಎಂದ. ಅದು ಹಟವಲ್ಲ. ಅಪ್ಪ ಬಚ್ಚಲಲ್ಲಿ ಒಮ್ಮೆ ಬಿದ್ದಿದ್ದನ್ನು ಅವನು ಕಂಡಿದ್ದ.

ಸಣ್ಣ ಹಿತ್ತಲಿನಲ್ಲಿ ದಾರಿಗೆ ಒಂದು ತಿರುವು ಕೊಡುವುದು ನಮ್ಮ ವೃತ್ತಿಯ ರೂಢಿ. ಎಲ್ಲವೂ ಒಂದೇ ನೋಟಕ್ಕೆ ಸಿಗದೆ ಜಾಗ ದೊಡ್ಡದೆನಿಸುತ್ತದೆ. ಇಲ್ಲಿ ನೋಡುವವರಿಗೆ ಕಣ್ಣೇ ಇಲ್ಲವಲ್ಲ ಎಂದು ನಾನು ನೇರ ದಾರಿಯನ್ನೇ ಎಣಿಸಿದ್ದೆ. ಗೋಡೆಯತ್ತ ಮುಖಮಾಡಿ ಮಲಗಿದ್ದ ವಸಂತರಾಯರಿಗೆ ಅದನ್ನು ವಿವರಿಸಿದೆ.

"ಸೀದಾ ಬ್ಯಾಡ್ರಿ ಮೇಡಂ," ಎಂದರು. "ಹಿಂದಿನ ಡಬ್ಬಿಯೊಳಗ ನಿಂತು ಜಲ್ಮಾ ಕಳದೇನಿ. ತಿರುವಿನ್ಯಾಗ ಗಾಡಿ ವಾಲಿತಂದ್ರ ಮುಂಬ್ರಾ ಬಂತು ಅಂತ ಕಾಲಿಗೆ ಗೊತ್ತಾಗ್ತಿತ್ತು. ಸೀದಾ ದಾರ್ಯಾಗ ಎಲ್ಲಿದ್ದೀನಂತ ಹ್ಯಾಂಗ ತಿಳೀಬೇಕು?"

ಇದೇ ಪದಗಳಲ್ಲಿ ಹೇಳಿದರೆಂದು ಆಣೆ ಮಾಡಲಾರೆ. ಆದರೆ ಹೇಳುತ್ತ ಎದ್ದು ಕೂತದ್ದು ನಿಜ. ಆ ಮಾತೇ ನಮ್ಮ ನಕಾಶೆಯಾಯಿತು.

ಭಾನುವಾರಗಳಂದು ಮನೆಯವರೂ ನಾನೂ ಸೇರಿ ನಾವೇ ಕೆಲಸ ಮಾಡಿದೆವು. ಪಕ್ಕದ ಕಟ್ಟಡವನ್ನು ಕೆಡವುತ್ತಿದ್ದರು. ಅಲ್ಲಿ ಎಸೆದಿದ್ದ ಅಡುಗೆಕಟ್ಟೆಯ ಕಡಪಾ ಕಲ್ಲುಗಳನ್ನು ಕೇಳಿ ತಂದೆವು. ಕಳೆ ಕಿತ್ತು, ಮಳೆನೀರು ಮನೆಯ ಗೋಡೆಯಿಂದ ಆಚೆ ಹರಿಯುವಂತೆ ಸ್ವಲ್ಪ ಇಳಿಜಾರು ಮಾಡಿದೆವು. ನಾಲ್ಕು ಬೆರಳು ಆಳ ತೋಡಿ, ಉಸುಕು ಹರಡಿ ಕುಟ್ಟಿ ದಮ್ಮಸು ಮಾಡಿ, ಕಾಲು ಜಾರದಂತೆ ನುಣುಪು ಮುಖ ಕೆಳಗಾಗಿ ಕಲ್ಲು ಕೂರಿಸುವುದು. ಮೇಲೆ ನಿಂತಾಗ ಅಲುಗಾಡಿದರೆ ಎತ್ತಿ ಮತ್ತೆ ಉಸುಕು ತುಂಬುವುದು. ತಿರುವಿನಲ್ಲಿ ಮಾತ್ರ ಕಲ್ಲಿನ ಬದಲು ಸಣ್ಣ ಜಲ್ಲಿ ಹಾಕಿದೆವು, ಕಾಲಿಟ್ಟರೆ ಕರಕರ ಎನ್ನಬೇಕು. ದಾರಿಯ ಎರಡೂ ಬದಿಗೆ ಇಟ್ಟಿಗೆಗಳನ್ನು ಓರೆಯಾಗಿ ಹೂಳಿದೆವು. ಇದಕ್ಕೆ ಎಡ್ಜಿಂಗ್ ಎನ್ನುತ್ತಾರೆ. ಜಲ್ಲಿ ಚದುರದಂತೆ ಹಿಡಿಯುವುದು ಅದರ ಕೆಲಸ. ಇಲ್ಲಿ ವಸಂತರಾಯರ ಕೋಲಿಗೆ ದಾರಿಯ ಅಂಚನ್ನೂ ಹೇಳಬೇಕಿತ್ತು.

ಬಾಗಿಲ ಬಳಿ ತುಳಸಿ: ಅದು ಕಲ್ಯಾಣ ಸ್ಟೇಶನ್ನು. ಮುಂದೆ ಚಹಾಕ್ಕೆ ಹಾಕುವ ಮಜ್ಜಿಗೆಹುಲ್ಲು, ಪಂಚೆ ಸವರಿದರೂ ಸಾಕು, ಚಹಾದ ವಾಸನೆ: ಡೊಂಬಿವಲಿ. ತಿರುವಿನಲ್ಲಿ ಪೇಂಟಿನ ಡಬ್ಬಿಗಳಲ್ಲಿ ದುಂಡುಮಲ್ಲಿಗೆ: ಮುಂಬ್ರಾ. ಕೊನೆಯಲ್ಲಿ ಎರಡು ಕಲ್ಲುಗಳ ಮೇಲೆ ಒಂದು ಹಲಗೆ: ಠಾಣೆ. ಹೆಸರಿಟ್ಟವರು ವಸಂತರಾಯರೇ. ನಡುವಿನ ಸ್ಟೇಶನ್ನುಗಳು ಹೋದವಲ್ಲ ಎಂದು ಅವರಿಗೆ ಬೇಸರ.

"ಫಾಸ್ಟ್ ಗಾಡಿ ಅಂತ ತಿಳಕೋರಿ," ಎಂದೆ.

"ಇವರದು ಎಲ್ಲೀ ಫಾಸ್ಟ್ ರೀ," ಎಂದರು ಸಿಂಧೂಬಾಯಿ ಒಳಗಿನಿಂದ. "ಊಟಕ್ಕ ಕರದ್ರ ಬರ್ಲಿಕ್ಕೆ ತಾಸು ಬೇಕು!"

ಮೇ ಕೊನೆಯ ಒಂದು ಬೆಳಿಗ್ಗೆ, ಮೋಡ ಕವಿದಿತ್ತು. ಗಿರೀಶ ಬಾಗಿಲಲ್ಲೇ ನಿಂತಿದ್ದ. ವಸಂತರಾಯರು ಕೋಲು ಹಿಡಿದು ಹೊಸ್ತಿಲು ದಾಟಿದರು. ತುಳಸಿ ಮುಟ್ಟಿದರು. ಮಜ್ಜಿಗೆಹುಲ್ಲಿನ ಹತ್ತಿರ ಮೂಗು ಅರಳಿತು. ಜಲ್ಲಿ ಕರಕರ ಎಂದಿತು. ಅಲ್ಲಿ ನಿಂತುಬಿಟ್ಟರು.

ಅವರು ಅಲುಗಲಿಲ್ಲ. ಗಿರೀಶ ಮುಂದೆ ಹೆಜ್ಜೆಯಿಟ್ಟ. ಸಿಂಧೂಬಾಯಿ ಅವನ ತೋಳು ಹಿಡಿದು ತಡೆದರು.

"ಯಾಕ ನಿಂತ್ರಿ?" ಎಂದರು ಸಿಂಧೂಬಾಯಿ.

"ಬೆಲ್ ಆಗಿಲ್ಲ," ಎಂದರು ವಸಂತರಾಯರು.

ಲೋಕಲ್ ಗಾಡಿಯಲ್ಲಿ ಗಾರ್ಡ್ ಎರಡು ಬೆಲ್ ಕೊಟ್ಟರೇ ಮೋಟರ್‌ಮನ್ ಗಾಡಿ ಬಿಡುವುದು. ಅದನ್ನು ಸೇವೆಯುದ್ದಕ್ಕೂ ಕೊಟ್ಟವರು ಅವರು. ಈಗ ಯಾರಾದರೂ ಅವರಿಗೆ ಕೊಡಬೇಕಿತ್ತು. ಬಾಗಿಲ ಕಡೆಯಿಂದ ಟಣ್ ಟಣ್ ಎಂದಿತು. ವಸಂತರಾಯರು ಗಟ್ಟಿಯಾಗಿ ನಕ್ಕು ನಡೆದರು. ಹಲಗೆಯನ್ನು ಕೈಯಿಂದ ತಡವಿ, ಕೂತರು.

"ಅಪ್ಪಾ, ಠಾಣೆ ಆಲಂ ಕಾ?" ಎಂದ ಗಿರೀಶ, ಗಾಡಿಯ ಪ್ರಯಾಣಿಕನಂತೆ ಮರಾಠಿಯಲ್ಲಿ.

"ಬಂತಪಾ. ಇಳಿಯವರಿಗೆ ಜಾಗಾ ಬಿಡು."

ಪೇವರ್ ಬ್ಲಾಕಿನ ಮಾತು ಮತ್ತೆ ಬರಲಿಲ್ಲ.

ಆ ಬೆಲ್ ಅಂದರೆ ದೇವರ ಕೋಣೆಯ ಗಂಟೆ, ಸಿಂಧೂಬಾಯಿಯ ಕೈಯಲ್ಲಿ ಹೊಳೆಯುತ್ತಿತ್ತು ಎಂದೇ ನಾನು ಹೊಸ ಸೂಪರ್‌ವೈಸರ್‌ಗಳಿಗೆ ಹೇಳುತ್ತಿದ್ದೆ. ನಾನು ನಿವೃತ್ತಳಾದ ಮೇಲೆ ಒಮ್ಮೆ ಅವರ ಮನೆಗೆ ಹೋಗಿ ಇದನ್ನೇ ಹೇಳಿದಾಗ ಸಿಂಧೂಬಾಯಿ ನಕ್ಕುಬಿಟ್ಟರು. "ಗಂಟಿ ಎಲ್ಲಿತ್ತರೀ? ಒಳಗ ಹೋಗಿ ತರೂದ್ರಾಗ ಗಿರೀಶ ಹೋಗಿ ಕೈ ಹಿಡೀತಿದ್ದ. ಹಿಟ್ಟಿನ ಪರಾತಕ್ಕ ಸೌಟಿಲೆ ಬಡದೆ." ಹಿಟ್ಟು ನಾದುವ ಆ ಅಗಲ ತಟ್ಟೆಯ ಅಂಚಿನ ನೆಗ್ಗನ್ನೂ ತೋರಿಸಿದರು. ಅದು ಆವತ್ತಿನದೇ ಎಂದು ಅವರಿಗೂ ಖಾತ್ರಿಯಿಲ್ಲ.

ಅಂದವಾದ ಹಿತ್ತಲು ಜನರನ್ನು ಕರೆಯುತ್ತದೆ ಎಂದು ನಾನು ವರ್ಷಗಟ್ಟಲೆ ನಂಬಿದ್ದೆ. ಈಗ ಯಾರಾದರೂ ಕೇಳಿದರೆ, ಗಿಡ ಕಲ್ಲುಗಳ ಮಾತಿಗೆ ಮೊದಲು, ಅಲ್ಲಿ ನಡೆಯುವವರು ಯಾರು, ಅವರ ಕಾಲಿಗೆ ಏನು ಗೊತ್ತು ಎಂದು ಕೇಳುತ್ತೇನೆ. ಅದರಾಚೆಗಿನದು ಮನೆಯವರ ಕೈಯಲ್ಲಿದೆ.

ನಾನು ನೋಡಹೋದ ಆ ದಿನ ನಾವಿಬ್ಬರೂ ಮಾತಾಡುತ್ತಿದ್ದಾಗಲೇ ಹಿತ್ತಲಿನ ಕೊನೆಯಿಂದ ಕೂಗು ಬಂತು. "ಏನಾತ? ರಿಟರ್ನ್ ಗಾಡಿಗೆ ಬೆಲ್ ಕೊಡವರು ಯಾರೂ ಇಲ್ಲೇನು?"

ಸಿಂಧೂಬಾಯಿ ಸೌಟು ಹುಡುಕತೊಡಗಿದರು.